ಕೃಷಿ ತ್ಯಾಜ್ಯದಿಂದ ಜೈವಿಕ ಅನಿಲ: ಬಳ್ಳಾರಿ ಭಾಗದ ಉದ್ಯಮಿಗಳಿಗೊಂದು ಅವಕಾಶ

ತುಂಗಭದ್ರಾ ಅಚ್ಚುಕಟ್ಟಿನ ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳು ಭತ್ತಕ್ಕೆ ಹೆಸರಾದವು. ಸಿರುಗುಪ್ಪದ ಅಕ್ಕಿ ಗಿರಣಿಗಳು, ದೇಶನೂರಿನಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ, ಬಳ್ಳಾರಿ ನಗರದ ಕೃಷಿ ಮಾರುಕಟ್ಟೆ ಇವೆಲ್ಲವೂ ಕಾಲುವೆಯ ನೀರಿನ ಫಲ. ಬೆಳೆಯೊಂದಿಗೆ ತ್ಯಾಜ್ಯವೂ ಹುಟ್ಟುತ್ತದೆ. ಯಂತ್ರದಿಂದ ಕಟಾವಾದ ಗದ್ದೆಯ ಹುಲ್ಲಿಗೆ ಬೆಂಕಿಯಿಟ್ಟರೆ ಇಂಧನವೂ ನಷ್ಟ, ಭೂಮಿಯ ಸತ್ವವೂ ನಷ್ಟ. ಇದನ್ನು ಜೈವಿಕ ಅನಿಲವಾಗಿ ಪರಿವರ್ತಿಸುವ ಉದ್ಯಮದ ಸಾಧಕ ಬಾಧಕಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅನಿಲ ಉತ್ಪತ್ತಿಯ ವಿಧಾನ

ಗಾಳಿಯ ಸಂಪರ್ಕವಿಲ್ಲದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಸಾವಯವ ವಸ್ತುವನ್ನು ಕೊಳೆಯಿಸಿದಾಗ ಅನಿಲ ಹೊರಬರುತ್ತದೆ. ಅದರಲ್ಲಿ ಶೇಕಡ 50ರಿಂದ 65ರಷ್ಟು ಮೀಥೇನ್, ಉಳಿದುದರಲ್ಲಿ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಇದನ್ನು ಶುದ್ಧೀಕರಿಸಿ ಮೀಥೇನ್ ಪ್ರಮಾಣವನ್ನು ಶೇಕಡ 90ಕ್ಕಿಂತ ಹೆಚ್ಚಿಸಿ, ಒತ್ತಡದಲ್ಲಿ ಸಿಲಿಂಡರುಗಳಿಗೆ ತುಂಬಿದರೆ ಸಿ.ಎನ್.ಜಿ.ಗೆ ಸಮನಾದ ವಾಹನ ಇಂಧನ ದೊರೆಯುತ್ತದೆ. ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆ ಹಿತಕರವಾದುದರಿಂದ ಬಳ್ಳಾರಿಯ ಹವೆ ಇದಕ್ಕೆ ಅನುಕೂಲವೇ ಆಗಿದೆ.

ಯಾವ ತ್ಯಾಜ್ಯ ಸೂಕ್ತ?

ಎಲ್ಲ ತ್ಯಾಜ್ಯವೂ ಅನಿಲಕ್ಕೆ ಒದಗುವುದಿಲ್ಲ. ಭತ್ತದ ಹೊಟ್ಟು ಮತ್ತು ಹತ್ತಿ ಕಟ್ಟಿಗೆ ಸುಲಭವಾಗಿ ಕೊಳೆಯುವುದಿಲ್ಲ. ಅವು ಬಾಯ್ಲರಿಗೇ ಸರಿ. ಕಬ್ಬಿನ ಸಿಪ್ಪೆಯೂ ಕಾರ್ಖಾನೆಯ ಸಹವಿದ್ಯುತ್ ಘಟಕದಲ್ಲಿ ಉರಿದು ಉತ್ತಮ ಬೆಲೆ ತರುತ್ತದೆ. ಅನಿಲಕ್ಕೆ ಯೋಗ್ಯವಾದವು ಇವು:

1. ಪ್ರೆಸ್‌ಮಡ್: ನೂರು ಟನ್ ಕಬ್ಬು ಅರೆದರೆ 3ರಿಂದ 4 ಟನ್ ದೊರೆಯುತ್ತದೆ. ಸುಮಾರು 25 ಟನ್ ಪ್ರೆಸ್‌ಮಡ್‌ನಿಂದ ಒಂದು ಟನ್ ಶುದ್ಧ ಅನಿಲ ನಿರೀಕ್ಷಿಸಬಹುದು. ದಿನಕ್ಕೆ 3,000 ಟನ್ ಅರೆಯುವ ಕಾರ್ಖಾನೆಯಿಂದ ಸುಮಾರು 4 ಟನ್ ಅನಿಲವೆಂದಾಯಿತು. ಆದರೆ ಅರೆಯುವ ಹಂಗಾಮು ಕೆಲವೇ ತಿಂಗಳದು. ದಾಸ್ತಾನಿಟ್ಟ ಪ್ರೆಸ್‌ಮಡ್ ತಾನಾಗಿಯೇ ಕೊಳೆತು ಶಕ್ತಿ ಕಳೆದುಕೊಳ್ಳುತ್ತದೆ. ಗಂಧಕದ ಅಂಶವಿರುವುದರಿಂದ ಶುದ್ಧೀಕರಣದಲ್ಲಿಯೂ ಎಚ್ಚರ ಬೇಕು.

2. ಭತ್ತದ ಹುಲ್ಲು: ಒಣಗಿಸಿ ಪೆಂಡಿ ಕಟ್ಟಿದರೆ ವರ್ಷವಿಡೀ ಕಾದಿಡಬಹುದು. ಇದರಲ್ಲಿ ಸಿಲಿಕಾ ಹೆಚ್ಚು, ಸಾರಜನಕ ಕಡಿಮೆ. ಆದ್ದರಿಂದ ಕತ್ತರಿಸಿ, ಸಗಣಿಯೊಂದಿಗೆ ಬೆರೆಸಿ, ಇಂಗಾಲ ಮತ್ತು ಸಾರಜನಕದ ಪ್ರಮಾಣವನ್ನು 20ರಿಂದ 30ಕ್ಕೆ 1ರಂತೆ ಹೊಂದಿಸಬೇಕಾಗುತ್ತದೆ.

3. ಮಾರುಕಟ್ಟೆಯ ತರಕಾರಿ ಕಸ ಮತ್ತು ಸಗಣಿ: ಬಳ್ಳಾರಿ ನಗರದಲ್ಲಿ ನಿತ್ಯವೂ ದೊರೆಯುವಂಥವು. ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಿದರೆ ಮಾತ್ರ ಉಪಯುಕ್ತ.

ಹುಲ್ಲಿನ ಲೆಕ್ಕಾಚಾರ

ಪಂಜಾಬಿನ ಸಂಗ್ರೂರು ಜಿಲ್ಲೆಯ ಲೆಹ್ರಾಗಾಗಾದಲ್ಲಿ 2022ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಘಟಕವು ದಿನಕ್ಕೆ 300 ಟನ್ ಹುಲ್ಲಿನಿಂದ 33 ಟನ್ ಅನಿಲ ತಯಾರಿಸುವ ಸಾಮರ್ಥ್ಯದ್ದು. ಅಂದರೆ ಒಂದು ಟನ್ ಅನಿಲಕ್ಕೆ ಸುಮಾರು 9 ಟನ್ ಹುಲ್ಲು. ಸಿರುಗುಪ್ಪದಲ್ಲಿ ದಿನಕ್ಕೆ 5 ಟನ್ ಸಾಮರ್ಥ್ಯದ ಘಟಕವು ವರ್ಷದಲ್ಲಿ 300 ದಿನ ನಡೆಯಬೇಕಾದರೆ 13,500 ಟನ್ ಹುಲ್ಲು ಬೇಕು. ಎಕರೆಗೆ 2 ಟನ್ನಿನಂತೆ ಎಣಿಸಿದರೆ ಅದು 6,750 ಎಕರೆಯ ಹುಲ್ಲು. ಕಟಾವಿನ ಕೆಲವೇ ವಾರಗಳಲ್ಲಿ ಇಷ್ಟನ್ನೂ ಪೆಂಡಿ ಕಟ್ಟಿ, ಸಾಗಿಸಿ, ಮಳೆಯಿಂದ ಕಾಪಾಡುವುದೇ ಈ ಉದ್ಯಮದ ನಿಜವಾದ ಸವಾಲು.

ಎರಡನೆಯ ಬೆಳೆ ಜಲಾಶಯದ ನೀರನ್ನೇ ಅವಲಂಬಿಸಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಆತಂಕಗೊಂಡದ್ದನ್ನು ಮರೆಯುವಂತಿಲ್ಲ. ಜಾನುವಾರುಗಳ ಮೇವಿಗೂ ಹುಲ್ಲೇ ಆಧಾರ. ಬರದ ವರ್ಷ ಅದರ ಬೆಲೆ ಏರುವುದು ಸಹಜ. ಆದುದರಿಂದ ಒಂದೇ ಕಚ್ಚಾವಸ್ತುವನ್ನು ನಂಬಿ ಬಂಡವಾಳ ಹೂಡುವುದು ವಿವೇಕವಲ್ಲ.

ಮಾರುಕಟ್ಟೆ ಮತ್ತು ಪ್ರೋತ್ಸಾಹ

ಕೇಂದ್ರ ಸರ್ಕಾರವು 2018ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಸತತ್ ಯೋಜನೆಯಡಿ ತೈಲ ಕಂಪನಿಗಳು ಇಂತಹ ಅನಿಲವನ್ನು ಖರೀದಿಸುತ್ತವೆ. ನಗರ ಅನಿಲ ವಿತರಣೆಯಲ್ಲಿ ಜೈವಿಕ ಅನಿಲದ ಪಾಲನ್ನು 2025–26ರಲ್ಲಿ ಶೇಕಡ 1, 2026–27ರಲ್ಲಿ 3, 2027–28ರಲ್ಲಿ 4, 2028–29ರಿಂದ 5 ಎಂದು ನಿಗದಿಪಡಿಸಲಾಗಿದೆ. ಇದರಿಂದ ಬೇಡಿಕೆಗೆ ಭದ್ರ ನೆಲೆ ದೊರೆತಂತಾಗಿದೆ.

ಅನಿಲ ತೆಗೆದ ನಂತರ ಉಳಿಯುವ ಗೊಬ್ಬರವೂ ಆದಾಯದ ಮೂಲ. ಅದರ ಮಾರಾಟಕ್ಕೆ ಟನ್ನಿಗೆ 1,500 ರೂಪಾಯಿ ನೆರವನ್ನು ಕೇಂದ್ರವು 2023ರಲ್ಲಿ ಮಂಜೂರು ಮಾಡಿತು. ಕುರುಗೋಡಿನ ಮೆಣಸಿನಕಾಯಿ, ಹತ್ತಿ ಬೆಳೆಗಾರರು ಇದರ ಸಹಜ ಗ್ರಾಹಕರಾಗಬಲ್ಲರು. ಗೊಬ್ಬರ ಮಾರಾಟವಾಗದೆ ರಾಶಿ ಬಿದ್ದರೆ ಘಟಕದ ಲೆಕ್ಕವೇ ತಪ್ಪುತ್ತದೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಯಂತ್ರೋಪಕರಣಕ್ಕೆ ಬೇಡಿಕೆ ಸಲ್ಲಿಸುವ ಮುನ್ನವೇ ರೈತ ಗುಂಪುಗಳೊಡನೆ ಹುಲ್ಲು ಪೂರೈಕೆಯ ಬಹುವರ್ಷದ ಒಪ್ಪಂದ ಮಾಡಿಕೊಳ್ಳುವುದು ಒಳಿತು. ಸಾಗಣೆ ವೆಚ್ಚ ಲಾಭವನ್ನು ನುಂಗದಂತೆ ಘಟಕವು ಗದ್ದೆಗಳಿಗೆ ಹತ್ತಿರವಿರಬೇಕು. ಹುಲ್ಲನ್ನು ಮೂಲವಾಗಿಟ್ಟುಕೊಂಡು, ಹಂಗಾಮಿನಲ್ಲಿ ಪ್ರೆಸ್‌ಮಡ್, ನಿತ್ಯ ಸಗಣಿ ಬಳಸುವ ಮಿಶ್ರ ಘಟಕವೇ ಈ ಭಾಗಕ್ಕೆ ಹೆಚ್ಚು ಹೊಂದುತ್ತದೆ. ಸುಡುವುದಕ್ಕಿಂತ ಮಾರುವುದು ಲಾಭವೆಂದು ರೈತನಿಗೆ ಮನವರಿಕೆಯಾಗುವ ಬೆಲೆ ದೊರೆತಾಗ ಮಾತ್ರ ಘಟಕದ ಅಂಗಳಕ್ಕೆ ಹುಲ್ಲು ಬರುತ್ತದೆ.