ಸೀರಿ, ಕುಬಸ, ಧೈರ್ಯ



ಕಮಲಾಪುರದಿಂದ ಕಲಬುರಗಿಗೆ ಹೋಗುವ ದಿನ ನಾವು ಮೊದಲು ಏನು ಮಾಡುತ್ತೇವೆ? ಟ್ರಂಕು ತೆಗೆಯುತ್ತೇವೆ. ಮನೆಯಲ್ಲಿ ಉಡುವ ಸೀರೆ ಬೇರೆ. ಹೊಲಕ್ಕೆ ಉಡುವ ಸೀರೆ ಬೇರೆ. ಬಸ್ಸು ಹತ್ತುವ ಸೀರೆ ಬೇರೆ. "ದವಾಖಾನಿಗಿ ಹೊಂಟಿಯೋ, ಮದವಿಗಿ ಹೊಂಟಿಯೋ?" ಎಂದು ಮನೆಯವರು ನಗುತ್ತಾರೆ.

ನಗಲಿ. ಆಫೀಸಿನ ಬಾಗಿಲ ಮುಂದೆ ನಿಲ್ಲುವವರು ನಾವು. ಹರಿದ ಸೆರಗು ಮುಚ್ಚಿಕೊಳ್ಳಲು ಒಂದು ಕೈ ಬೇಕು. ಅರ್ಜಿ ಕೊಡಲು ಇನ್ನೊಂದು ಕೈ. ಆ ಕೈ ನಡುಗುತ್ತದೆ. ಮಾತೂ ತಡವರಿಸುತ್ತದೆ. ಒಗೆದು ಮಡಚಿಟ್ಟ ಸೀರೆ ಉಟ್ಟು ಹೋದರೆ ಅದೇ ಮಾತು ಸರಿಯಾಗಿ ಹೊರಡುತ್ತದೆ. ಇದು ಶೋಕಿ ಅಲ್ಲ.

ಶೋಕಿಯೂ ಇರಲಿ ಬಿಡ್ರಿ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಯಾಲಿ. ಒಬ್ಬಾಕೆಗೆ ಸೀರೆಯ ದಡಿ ಕೆಂಪೇ ಇರಬೇಕು. ಇನ್ನೊಬ್ಬಾಕೆಗೆ ಸೀರೆ ಯಾವುದಾದರೂ ಆದೀತು, ಬಳೆ ಮಾತ್ರ ಅದರ ಬಣ್ಣಕ್ಕೆ ಕೂಡಬೇಕು. ಮತ್ತೊಬ್ಬಾಕೆ ಕುಬಸದ ತೋಳು ಅರ್ಧ ಇಂಚು ಗಿಡ್ಡಾದರೂ ದರ್ಜಿಯ ಅಂಗಡಿಗೆ ತಿರುಗಿ ಹೋಗುತ್ತಾಳೆ. ದಿನವಿಡೀ ಮಂದಿಗಾಗಿ ದುಡಿಯುವವರು ನಾವು. ಇದೊಂದು ನಮಗಾಗಿ.

ಹಳೆಯ ಟ್ರಂಕಿನ ತಳದಲ್ಲಿ ಒಂದು ಇಳಕಲ್ ಸೀರೆ ಇರುತ್ತದೆ. ಅವ್ವಂದೋ, ಅತ್ತೀದೋ. ಅದನ್ನು ಬಿಚ್ಚಿ ನೋಡಿರಿ. ಇಳಕಲ್ ಊರು ಬಾಗಲಕೋಟೆ ಜಿಲ್ಲೆಯಲ್ಲಿದೆ. ಆ ಸೀರೆಯ ಮೈಯ ನೂಲು ಬೇರೆ, ಸೆರಗಿನ ನೂಲು ಬೇರೆ. ನೇಕಾರರು ಮಗ್ಗದ ಮೇಲೆ ಎರಡೂ ನೂಲುಗಳಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದೊಂದು ಎಳೆಗೂ ಒಂದೊಂದು ಕೊಂಡಿ! ಕೆಂಪು ಸೆರಗಿನಲ್ಲಿ ಬಿಳಿಯ ಚಿತ್ರ ಇರುತ್ತದೆ. ಜೋಳದ ತೆನೆಯಂತಿದ್ದರೆ ಅದು ತೋಪುತೆನಿ. ಹಣಿಗೆಯ ಹಲ್ಲಿನಂತಿದ್ದರೆ ಹಣಗಿ. ಹೊಲದ ಜೋಳ, ತಲೆ ಬಾಚುವ ಹಣಿಗೆ ಎರಡೂ ನಮ್ಮ ಹೆಗಲ ಮೇಲೆ ಬಂದು ಕುಳಿತಿವೆ. ಕೈಮಗ್ಗದ ಬಟ್ಟೆಯನ್ನು ಗುರುತಿಸಲು ಸರಕಾರ 2006ರಲ್ಲಿ ಕೈಮಗ್ಗದ ಮುದ್ರೆ ತಂದಿತು. ಹೊಸ ಸೀರೆ ಕೊಳ್ಳುವಾಗ ಆ ಚೀಟಿ ಇದೆಯೇ ಎಂದು ಓದಿ ನೋಡಿರಿ. ಈಗ ಓದಲು ಬರುತ್ತದಲ್ಲ.

ಇನ್ನು ಹೊಲದ ಉಡಿಗೆ. ತೊಗರಿ ಕೊಯ್ಯುವಾಗ ನಾವು ಸೀರೆಯ ಮೇಲೆ ಗಂಡಸರ ಅಂಗಿ ಹಾಕುತ್ತೇವೆ. ಬಿಸಿಲು ತಾಗುವುದಿಲ್ಲ, ಮೈ ತುರಿಸುವುದಿಲ್ಲ, ಕೈಗೆ ಗೀರು ಬೀಳುವುದಿಲ್ಲ. ಇದನ್ನು ಯಾವ ಪೇಟೆಯವರೂ ನಮಗೆ ಕಲಿಸಲಿಲ್ಲ. ಆ ಅಂಗಿಗೆ ಇನ್ನೊಂದು ಗುಣ ಇದೆ. ಅದಕ್ಕೆ ಕಿಸೆ ಇದೆ. ಸೀರೆಗೆ ಕಿಸೆ ಇಲ್ಲ. ಮೊದಲು ನಮ್ಮ ಅಜ್ಜಿಯರು ಎಲೆ ಅಡಿಕೆಯ ಸಂಚಿಯಲ್ಲೇ ರೊಕ್ಕ ಇಟ್ಟು ಸೊಂಟಕ್ಕೆ ಸಿಗಿಸುತ್ತಿದ್ದರು. ಈಗ ಕೂಲಿ ರೊಕ್ಕ, ಮೊಬೈಲು ಎರಡೂ ಅಂಗಿಯ ಕಿಸೆಯಲ್ಲಿ. "ನನ್ನ ರೊಕ್ಕ ನನ್ನ ಕಿಸ್ಯಾಗದ" ಎಂದು ಹೇಳುವಾಗ ನಮ್ಮ ದನಿ ನೋಡಬೇಕು!

ಹೀಗೆ ನಮಗೆ ಬೇಕಾದದ್ದನ್ನು ಉಡುವುದು ಎಲ್ಲರಿಗೂ ಸುಮ್ಮನೆ ಸಿಕ್ಕದ್ದಲ್ಲ. ಜಾತಿಯ ಹೆಸರಿನಲ್ಲಿ ಕೆಳಗೆ ತಳ್ಳಿದ ಜನರನ್ನು ಉಡಿಗೆ ನೋಡಿಯೇ ಗುರುತು ಹಿಡಿಯುತ್ತಿದ್ದ ಕಾಲ ಇತ್ತು. ಅವರ ಹೆಣ್ಣುಮಕ್ಕಳು ಸೀರೆಯನ್ನು ಗಿಡ್ಡಗೆ ಉಡಬೇಕಿತ್ತು. 1927ರ ಡಿಸೆಂಬರ್ ತಿಂಗಳಲ್ಲಿ ಮಹಾರಾಷ್ಟ್ರದ ಮಹಾಡ ಊರಿನಲ್ಲಿ ದೊಡ್ಡ ಸಭೆ ನಡೆಯಿತು. ಡಾ. ಬಾಬಾಸಾಹೇಬ ಅಂಬೇಡ್ಕರರು ಅಲ್ಲಿ ಹೆಣ್ಣುಮಕ್ಕಳೊಡನೆ ಮಾತಾಡಿದರು. ಜಾತಿಯ ಗುರುತು ತೋರಿಸುವ ಉಡಿಗೆ ಬಿಡಿರಿ, ಸೀರೆಯನ್ನು ಕಾಲು ಮುಚ್ಚುವ ಹಾಗೆ ಉಡಿರಿ, ಹೆಣ್ಣುಮಕ್ಕಳಿಗೂ ವಿದ್ಯೆ ಕೊಡಿಸಿರಿ ಎಂದರು. ಲಕ್ಷ್ಮೀಬಾಯಿ ಟಿಪ್ಣಿಸ್, ಇಂದಿರಾಬಾಯಿ ಚಿತ್ರೆ ಎಂಬವರು ಅಲ್ಲೇ ಸೀರೆ ಉಡಿಸಿ ತೋರಿಸಿದರು. ನಾಲ್ಕು ಬೆರಳು ಕೆಳಗೆ ಇಳಿದ ಸೀರೆ. ಅದಕ್ಕೂ ಎದೆಗಾರಿಕೆ ಬೇಕಿತ್ತು.

ಅದಕ್ಕೂ ಮೊದಲಿನ ಮಾತು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಸಾವಿತ್ರಿಬಾಯಿ ಫುಲೆ ಅಲ್ಲಿ ಕಲಿಸುತ್ತಿದ್ದರು. ಶಾಲೆಗೆ ಹೋಗುವ ದಾರಿಯಲ್ಲಿ ಜನ ಅವರ ಮೇಲೆ ಸೆಗಣಿ, ಕೆಸರು ಎಸೆಯುತ್ತಿದ್ದರು. ಅವರು ಒಂದು ಸೀರೆ ಉಟ್ಟು, ಇನ್ನೊಂದು ಸೀರೆಯನ್ನು ಚೀಲದಲ್ಲಿ ಒಯ್ಯುತ್ತಿದ್ದರು. ಶಾಲೆ ಮುಟ್ಟಿದ ಮೇಲೆ ಸೀರೆ ಬದಲಿಸಿ ಪಾಠಕ್ಕೆ ನಿಲ್ಲುತ್ತಿದ್ದರು. ಆ ಎರಡನೆಯ ಸೀರೆ ರೇಷ್ಮೆಯದಾಗಿರಬೇಕೆಂದೇನೂ ಇರಲಿಲ್ಲ. ಒಗೆದದ್ದಾಗಿದ್ದರೆ ಸಾಕಿತ್ತು.

ನಾವು ಮಾತ್ರ ಕೆಲವೊಮ್ಮೆ ಮಿಂಚುವ ಸೀರೆ ನೋಡಿ ಮರುಳಾಗುತ್ತೇವೆ. ಕಂತಿನ ಸೀರೆ ಮಾರುವವರು ಗಂಟು ಹೊತ್ತು ಓಣಿಗೆ ಬರುತ್ತಾರೆ. "ಈಗ ರೊಕ್ಕ ಬ್ಯಾಡವ್ವಾ, ವಾರಕ್ಕ 120 ಕೊಡ್ರಿ, 12 ವಾರ" ಎನ್ನುತ್ತಾರೆ. ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ಅದೇ ಸೀರೆಗೆ 1,000 ರೂಪಾಯಿ ಇದೆ ಎಂದುಕೊಳ್ಳೋಣ. ಪಾಟಿಯ ಮೇಲೆ ಲೆಕ್ಕ ಬರೆಯಿರಿ. 120 ಗುಣಿಲೆ 12, ಆಯಿತು 1,440. ಅಂದರೆ 440 ರೂಪಾಯಿ ಹೆಚ್ಚು. ಅಷ್ಟು ರೊಕ್ಕಕ್ಕೆ ಮಗಳಿಗೆ ಒಂದು ಅಂಗಿ ಬಂದೀತು. ವಾರ ವಾರ ಬಾಗಿಲಿಗೆ ಬಂದು ರೊಕ್ಕ ಕೇಳಿದರೆ ಹೊಸ ಸೀರೆ ಉಟ್ಟರೂ ತಲೆ ತಗ್ಗಿಸಬೇಕಾಗುತ್ತದೆ. ಕೊಳ್ಳಬೇಡಿರೆಂದು ನಾವು ಹೇಳುವುದಿಲ್ಲ. ಲೆಕ್ಕ ಹಾಕಿ ಕೊಳ್ಳಿರಿ.

ಅಳತೆಯ ಮಾತೂ ಹಾಗೇ. ಹಿರಿಯರು ಹದಿನಾರು ಮೊಳದ ಸೀರೆ, ಹದಿನೆಂಟು ಮೊಳದ ಸೀರೆ ಎನ್ನುತ್ತಾರೆ. ಎರಡು ಮೊಳಕ್ಕೆ ಒಂದು ಗಜ. ಹದಿನೆಂಟು ಮೊಳ ಎಂದರೆ 9 ಗಜ. ಕಚ್ಚಿ ಹಾಕಿ ಉಡಲು ಅಷ್ಟು ಬೇಕು. ಈಗ ಹೆಚ್ಚಿನವರು ಉಡುವ 6 ಗಜದ ಸೀರೆ ಸುಮಾರು ಐದೂವರೆ ಮೀಟರ್ ಇರುತ್ತದೆ. ಅಂಗಡಿಯವರು ಮೀಟರಿನಲ್ಲಿ ಹೇಳಿದರೆ ಗಾಬರಿ ಬೇಡ.

ದರ್ಜಿಯ ಟೇಪಿನಲ್ಲಿ 1ರಿಂದ 60ರವರೆಗೆ ಇಂಚಿನ ಅಂಕಿ ಇವೆ. ಅವನ್ನು ಓದಲು ಬಂದರೆ ಕುಬಸ ಕೆಟ್ಟಾಗ "ನೀವ್ ಹೇಳಿದ್ದೇ ಇಷ್ಟ" ಎಂಬ ಮಾತಿಗೆ ಬಾಯಿ ಮುಚ್ಚಿ ಬರಬೇಕಾಗಿಲ್ಲ. ಅಳತೆ ಬರೆದ ಚೀಟಿ ಮುಂದೆ ಇಡಿರಿ. ಹೊಲಿಯಲು ಕೊಡುವಾಗಲೇ "ಒಳಗ ಬಟ್ಟಿ ಬಿಡ್ರಿ" ಎಂದು ಹೇಳಿರಿ. ಮೈ ತುಂಬಿದರೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದು.

ಟೇಪು ಹಿಡಿದು ಒಬ್ಬರ ಅಳತೆ ಇನ್ನೊಬ್ಬರು ತೆಗೆಯಿರಿ. ಇಲ್ಲಿ ಬರೆಯಿರಿ:

ನನ್ನ ಹೆಸರು ..............
ಎದೆಯ ಸುತ್ತು ........ ಇಂಚು
ಸೊಂಟದ ಸುತ್ತು ........ ಇಂಚು
ಕುಬಸದ ಉದ್ದ ........ ಇಂಚು
ತೋಳಿನ ಉದ್ದ ........ ಇಂಚು
ನನಗೆ ಸೇರುವ ಬಣ್ಣ ..............