ರೋಗವನ್ನು ಮೂಸುವ ನಾಯಿಯೂ ಅದರ ಶಿಕ್ಷಕನೂ

ರೋಗವನ್ನು ವಾಸನೆಯಿಂದಲೇ ಗುರುತಿಸುವ ನಾಯಿಗಳ ವಿಷಯವನ್ನು ಕೇಳಿದಾಗ ನಾವು ಅವುಗಳ ಮೂಗನ್ನು ಕೊಂಡಾಡುತ್ತೇವೆ. ಆದರೆ ಹೆಚ್ಚು ಕಷ್ಟದ ಪಾಠವು ನಾಯಿಗಲ್ಲ, ಅದನ್ನು ನಡೆಸುವವನಿಗೆ.

2004ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾದ ಪ್ರಯೋಗವೊಂದನ್ನು ನೋಡೋಣ. ಪ್ರತಿ ಪರೀಕ್ಷೆಯಲ್ಲಿಯೂ ನಾಯಿಯ ಮುಂದೆ ಏಳು ಮೂತ್ರದ ಮಾದರಿಗಳು. ಒಂದು ಮಾತ್ರ ಮೂತ್ರಕೋಶದ ಕ್ಯಾನ್ಸರುಳ್ಳ ರೋಗಿಯದು. ಅದರ ಪಕ್ಕದಲ್ಲಿ ನಾಯಿ ಮಲಗಬೇಕು. ಅದು ಯಾವುದೆಂಬುದು ಶಿಕ್ಷಕರಿಗೂ ತಿಳಿದಿರಲಿಲ್ಲ. ಏಕೆಂದರೆ, ಉತ್ತರವನ್ನು ಬಲ್ಲ ಶಿಕ್ಷಕನ ಹೆಜ್ಜೆ ಆ ಮಾದರಿಯ ಬಳಿ ತನಗರಿಯದೆಯೇ ತುಸು ನಿಧಾನವಾಗಬಹುದು. ಆಗ ನಾಯಿಯು ಮೂಸುವುದನ್ನು ಬಿಟ್ಟು ಯಜಮಾನನ ಇಂಗಿತವನ್ನೇ ಓದತೊಡಗುತ್ತದೆ! ಆರು ನಾಯಿಗಳ 54 ಪರೀಕ್ಷೆಗಳಲ್ಲಿ ಸರಿಯಾದುವು 22. ಎಂದರೆ ನೂರಕ್ಕೆ 41. ಬರಿಯ ಊಹೆಗೆ ದೊರೆಯುವುದು ನೂರಕ್ಕೆ 14 ಮಾತ್ರ. ವೈದ್ಯರು ನೆಚ್ಚಿಕೊಳ್ಳುವಷ್ಟು ಫಲ ಇದಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಕೇವಲ ಆಕಸ್ಮಿಕವೆಂದು ತಳ್ಳಿಹಾಕುವಂತೆಯೂ ಇಲ್ಲ.

ಅಲ್ಲಿಯ ಶಿಕ್ಷಣಕಾಲದ ಒಂದು ಸಂಗತಿ ಇನ್ನೂ ಸ್ವಾರಸ್ಯವಾದುದು. ಕ್ಯಾನ್ಸರ್ ಇಲ್ಲವೆಂದು ಪರೀಕ್ಷೆಗಳು ತಿಳಿಸಿದ್ದ ಒಬ್ಬರ ಮಾದರಿಯನ್ನು ನಾಯಿಗಳೆಲ್ಲವೂ ರೋಗಿಯದೆಂದೇ ಸೂಚಿಸಿದುವು. ಇದನ್ನು ನಾಯಿಗಳ ತಪ್ಪೆಂದು ಎಣಿಸಿ ತಿದ್ದಹೊರಟಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆ ವ್ಯಕ್ತಿಯನ್ನು ಪುನಃ ಪರೀಕ್ಷಿಸಿದರು. ಬಲ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಕಂಡುಬಂದಿತು.