ಕಣ್ಣಿನ ಬ್ರಷ್ ಕೊಳ್ಳುವ ಮಗಳಿಗೆ

ಮಗಳೇ, ಮೊದಲ ಸಂಬಳ ಕೈಗೆ ಬಂದಿದೆ, ಮೇಕಪ್ ಸಾಮಾನನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುವ ಸಡಗರದಲ್ಲಿದ್ದೀಯ. ಸಂತೋಷದಿಂದ ತಗೋ. ಅಲಂಕಾರ ಮಾಡಿಕೊಳ್ಳುವುದು ತಪ್ಪೆಂದು ನಾನು ಎಂದೂ ಅಂದವಳಲ್ಲ. ಆದರೆ ಕಣ್ಣಿಗೆ ತಾಗುವ ಬ್ರಷ್ ವಿಷಯದಲ್ಲಿ ನಿನಗೊಂದು ಮಾತು ಹೇಳಬೇಕು. ಪ್ರಾಣಿಗೆ ನೋವಾಗದ, ಭೂಮಿಗೆ ಹೆಚ್ಚು ಹೊರೆಯಾಗದ, ನಮ್ಮಂಥವರ ಕೈಗೆಟಕುವ ಬ್ರಷ್‌ಗಳಿವೆ. ವರ್ಷಾನುಗಟ್ಟಲೆ ಅವನ್ನೇ ಬಳಸಿ ಬಲ್ಲೆ. ಅವುಗಳ ಒಳ್ಳೆಯತನದಲ್ಲಿ ಅರ್ಧ ಅಂಗಡಿಯಿಂದ ಬರುತ್ತದೆ, ಉಳಿದರ್ಧವನ್ನು ನೀನು ಬಚ್ಚಲುಮನೆಯ ನಲ್ಲಿಯ ಕೆಳಗೆ ಸಂಪಾದಿಸಬೇಕು.

ಮೊದಲು ಎಳೆಯ ಮಾತು. ಹಿಂದೆ ಒಳ್ಳೆಯ ಬ್ರಷ್ ಎಂದರೆ ಪ್ರಾಣಿಯ ಕೂದಲೇ: ಅಳಿಲು, ಮೇಕೆ, ಕುದುರೆ, ಸೈಬೀರಿಯಾದ ವೀಸೆಲ್. ‘ಒಂಟೆ ಕೂದಲು’ ಎಂದು ಮಾರುವ ಬ್ರಷ್‌ನಲ್ಲಿ ಒಂಟೆಯದು ಒಂದೂ ಇರುವುದಿಲ್ಲ, ಅಳಿಲಿನದೋ ಮೇಕೆಯದೋ ಇರುತ್ತದೆ. ನಮ್ಮ ದೇಶದಲ್ಲಿ ಚಿತ್ರ ಬರೆಯುವ ಕುಂಚಗಳಿಗಾಗಿ ಮುಂಗುಸಿಗಳನ್ನು ಕೊಂದರು. ಒಂದು ಕಿಲೋ ಕೂದಲಿಗೆ 50ರ ಆಸುಪಾಸು ಮುಂಗುಸಿಗಳು ಸಾಯಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದರೂ ದಂಧೆ ನಿಲ್ಲದೆ, 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ‘ಆಪರೇಷನ್ ಕ್ಲೀನ್ ಆರ್ಟ್’ ಹೆಸರಿನಲ್ಲಿ ದಾಳಿಗಿಳಿಯಬೇಕಾಯಿತು. ಕೂದಲು ಎಲ್ಲಿಂದ ಬಂತೆಂದು ಕೊಳ್ಳುವವರು ಕೇಳದಿದ್ದರೆ ಮಾರುವವರು ಹೇಳುವುದಿಲ್ಲ.

ಪೊಟ್ಟಣದ ಮೇಲೆ ಮೊಲದ ಗುರುತು ಕಂಡಕೂಡಲೇ ನಿಶ್ಚಿಂತಳಾಗಬೇಡ. ಆ ಗುರುತು ಮುಖ್ಯವಾಗಿ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಂಬಂಧಿಸಿದ್ದು. ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿತು. ಹಾಗೆ ಪರೀಕ್ಷಿಸಿದವನ್ನು ಹೊರದೇಶದಿಂದ ತರಿಸುವುದಕ್ಕೂ ಅದೇ ವರ್ಷ ತಡೆ ಬಿತ್ತು. ಆದರೆ ಬ್ರಷ್‌ನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಎಳೆ ಯಾವುದೆಂಬುದು. ಪೊಟ್ಟಣದ ಮೇಲೆ ‘ಸಿಂಥೆಟಿಕ್’, ‘ವೀಗನ್’ ಅಥವಾ ‘ಟ್ಯಾಕ್ಲಾನ್’ ಎಂದು ಸ್ಪಷ್ಟವಾಗಿ ಬರೆದಿರಬೇಕು. ಅನುಮಾನವಿದ್ದರೆ ಉದುರಿದ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸು. ಕೂದಲಾದರೆ ಸುಟ್ಟ ಕೂದಲಿನ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಸಿಂಥೆಟಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಕೆಲಸದಲ್ಲಿ ಸಿಂಥೆಟಿಕ್ ಹಿಂದೆ ಬೀಳುತ್ತದೆಯೇ ಎಂದು ಕೇಳುತ್ತೀಯ. ಒಂದು ಕಡೆ ಸ್ವಲ್ಪ ಹಿಂದೆ, ಇನ್ನೊಂದು ಕಡೆ ಬಹಳ ಮುಂದೆ. ಕೂದಲಿನ ಮೈಮೇಲೆ ಸಣ್ಣ ಹುರುಪೆಗಳಿರುವುದರಿಂದ ಪುಡಿ ಚೆನ್ನಾಗಿ ಹಿಡಿಯುತ್ತದೆ. ನುಣ್ಣನೆಯ ಸಿಂಥೆಟಿಕ್ ಎಳೆಯಲ್ಲಿ ಐಶ್ಯಾಡೋವನ್ನು ಎರಡು ಸಲ ಹೆಚ್ಚು ಒತ್ತಬೇಕಾದೀತು. ಆದರೆ ಜೆಲ್ ಐಲೈನರ್, ಕ್ರೀಮ್, ಕಾಡಿಗೆಗೆ ಅದಕ್ಕೆ ಸಾಟಿಯಿಲ್ಲ: ಎಣ್ಣೆಯಂಶವನ್ನು ಕುಡಿಯುವುದಿಲ್ಲ, ತೊಳೆದರೆ ಬೇಗ ಶುಭ್ರವಾಗುತ್ತದೆ, ಬೇಗ ಒಣಗುತ್ತದೆ.

ಭೂಮಿಯ ಮಾತಿಗೆ ಬಂದರೆ ನಿನಗೆ ನಿಜವನ್ನೇ ಹೇಳಬೇಕು. ಇಕೋಟೂಲ್ಸ್‌ನಂಥ ಕಂಪನಿಗಳು ಬಿದಿರಿನ ಹಿಡಿ, ಎಳೆಗಳನ್ನು ಹಿಡಿದಿಡುವ ಮರುಬಳಕೆಯ ಅಲ್ಯೂಮಿನಿಯಂ ಕೊರಳು ಕೊಟ್ಟು ಒಳ್ಳೆಯ ದಾರಿ ತೋರಿಸಿದವು. ಆದರೂ ಎಳೆ ನೈಲಾನ್ ಅಥವಾ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ಮಣ್ಣಿಗೆ ಹಾಕಿದರೆ ಕರಗುವುದಿಲ್ಲ. ಆದ್ದರಿಂದ ಆ ಬ್ರಷ್ ಎಷ್ಟು ವರ್ಷ ಬಾಳುತ್ತದೋ ಅಷ್ಟೇ ಅದರ ಪುಣ್ಯ. ವರ್ಷಕ್ಕೊಂದು ಹೊಸ ‘ಇಕೋ’ ಸೆಟ್ ಕೊಳ್ಳುವವಳಿಗಿಂತ ಹಳೆಯದನ್ನೇ ಕಾಪಾಡಿಕೊಳ್ಳುವವಳು ಭೂಮಿಗೆ ಹೆಚ್ಚು ಉಪಕಾರಿ.

ಕಾಪಾಡುವ ಬಗೆ ಕೇಳು. ಬ್ರಷ್‌ಗಳನ್ನು 7ರಿಂದ 10 ದಿನಕ್ಕೊಮ್ಮೆ ತೊಳೆಯಿರಿ ಎನ್ನುತ್ತದೆ ಅಮೆರಿಕದ ಚರ್ಮವೈದ್ಯರ ಅಕಾಡೆಮಿ. ಕಣ್ಣಿನದಕ್ಕಂತೂ ಆ ಗಡುವು ಮೀರಬೇಡ. ಉಗುರುಬೆಚ್ಚಗಿನ ನೀರು, ಒಂದು ಹನಿ ಮೆದು ಶಾಂಪೂ ಸಾಕು. ಅಂಟುವಾಳದ ನೀರೂ ಆಗುತ್ತದೆ, ಆದರೆ ಅದು ಕಣ್ಣಿಗೆ ಬಿದ್ದರೆ ಉರಿಯುವುದರಿಂದ ನೊರೆ ಪೂರ್ತಿ ಹೋಗುವ ತನಕ ಜಾಲಿಸು. ಸೀಗೆಪುಡಿ ಬೇಡ, ತರಿ ಎಳೆಗಳ ನಡುವೆ ಉಳಿಯುತ್ತದೆ. ತೊಳೆಯುವಾಗ ಬ್ರಷ್‌ನ ಮುಖ ಕೆಳಗಿರಲಿ. ಲೋಹದ ಕೊರಳಿನೊಳಗೆ ನೀರು ಇಳಿದರೆ ಅಂಟು ಸಡಿಲವಾಗಿ ಎಳೆ ಉದುರುತ್ತದೆ, ಹಿಡಿ ಅಲ್ಲಾಡುತ್ತದೆ. ಬ್ರಷ್ ಬೇಗ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಒಣಗಿಸುವಾಗ ಲೋಟದಲ್ಲಿ ನಿಲ್ಲಿಸಬೇಡ. ಮೇಜಿನ ಅಂಚಿಗೆ ಮಲಗಿಸಿ ಎಳೆಯ ಭಾಗ ಹೊರಗೆ ಚಾಚಿರುವಂತೆ ಇಡು.

ನಮ್ಮ ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ ಬಿದಿರಿಗೆ ಬೂಸ್ಟು ಬೇಗ ಹಿಡಿಯುತ್ತದೆ. ತೇವವಿರುವಾಗ ಜಿಪ್ ಚೀಲಕ್ಕೆ ತುಂಬಬೇಡ. ಫ್ಯಾನಿನ ಗಾಳಿಯಲ್ಲಿ ರಾತ್ರಿಯಿಡೀ ಬಿಟ್ಟು, ಹತ್ತಿಬಟ್ಟೆಯ ಸುರುಳಿಯಲ್ಲಿ ಸುತ್ತಿಡು.

ಕಣ್ಣು ನಿನ್ನದು, ಬ್ರಷ್ಷೂ ನಿನ್ನೊಬ್ಬಳದೇ ಆಗಿರಲಿ. ಮದುವೆಮನೆಯಲ್ಲಿ ಗೆಳತಿಯರು ಕೇಳಿದರೂ ಕೊಡಬೇಡ, ಕೊಟ್ಟರೆ ತೊಳೆಯದೆ ಮತ್ತೆ ಮುಟ್ಟಬೇಡ. ಮದ್ರಾಸ್ ಐ ಬಂದಾಗ ಕಣ್ಣು ಪೂರ್ತಿ ವಾಸಿಯಾಗುವವರೆಗೆ ಕಾಡಿಗೆ, ಬ್ರಷ್ ಎರಡೂ ದೂರ. ಆ ದಿನಗಳಲ್ಲಿ ಬಳಸಿದ ಕಾಡಿಗೆಯನ್ನು ಎಸೆದುಬಿಡು. ತೊಳೆದ ಮೇಲೂ ವಾಸನೆ ಬಂದರೆ, ಎಳೆ ಚುಚ್ಚಿದರೆ, ಕಣ್ಣಿಗೆ ಉದುರತೊಡಗಿದರೆ, ಎಷ್ಟೇ ಪ್ರೀತಿಯಿದ್ದರೂ ಆ ಬ್ರಷ್‌ಗೆ ಮುಖದ ಕೆಲಸದಿಂದ ಬಿಡುಗಡೆ ಕೊಡು. ಹಿತ್ತಾಳೆ ದೀಪದ ಕೆತ್ತನೆಯ ಸಂದಿ, ಕೀಬೋರ್ಡಿನ ಧೂಳು ತೆಗೆಯಲು ಅದು ಇನ್ನೂ ಬಹುಕಾಲ ದುಡಿಯುತ್ತದೆ.

ಎಷ್ಟು ಬೇಕು? ನಾಲ್ಕು ಸಾಕು: ರೆಪ್ಪೆಯ ಮೇಲೆ ಬಣ್ಣ ಕೂರಿಸಲು ಚಪ್ಪಟೆಯದು, ಅಂಚು ಕರಗಿಸಲು ಮೆತ್ತನೆಯದು, ಗೆರೆ ಎಳೆಯಲು ಓರೆ ತುದಿಯದು, ಕಾಡಿಗೆ ಹರಡಲು ಚಿಕ್ಕದು. ಹುಬ್ಬು ಬಾಚಲು ಹಳೆಯ ಮಸ್ಕಾರಾದ ಕಡ್ಡಿಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆದರಾಯಿತು. ನಮ್ಮ ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ತಮ್ಮ ಮುಖವರ್ಣಿಕೆಯನ್ನು ತಾವೇ ಬರೆದುಕೊಳ್ಳುತ್ತಾರೆ. ಸಣ್ಣ ಕಡ್ಡಿಯ ತುದಿಯಿಂದ ಎಳೆದ ಗೆರೆಯಲ್ಲೇ ರಾಕ್ಷಸನೂ ರಾಜನೂ ಮೂಡುತ್ತಾರೆ. ಹದವಿರುವುದು ಪಳಗಿದ ಕೈಯಲ್ಲಿ. ಇಪ್ಪತ್ತು ಬ್ರಷ್‌ಗಳ ಡಬ್ಬಿ ಅದನ್ನು ಕಲಿಸುವುದಿಲ್ಲ.

ಆದ್ದರಿಂದ ಅಂಗಡಿಗೆ ಹೋದಾಗ ಎಳೆ ಯಾವುದೆಂದು ಬಾಯಿಬಿಟ್ಟು ಕೇಳು, ಕೊರಳು ಬಿಗಿಯಿದೆಯೇ ಎಂದು ತಿರುಗಿಸಿ ನೋಡು, ನಾಲ್ಕೇ ನಾಲ್ಕು ತಗೋ. ಮನೆಗೆ ತಂದ ದಿನವೇ ತೊಳೆದು ಆಮೇಲೆ ಕಣ್ಣಿಗೆ ಮುಟ್ಟಿಸು. ಅಲ್ಲಿಂದ ಮುಂದೆ ಹೊಸದರ ಜಾಹೀರಾತು ಬಂದಾಗಲೆಲ್ಲ, ಇರುವುದರಲ್ಲಿ ಏನು ಕಡಿಮೆಯಾಗಿದೆ ಎಂದು ನಿನ್ನನ್ನೇ ಕೇಳಿಕೋ. ಕಡಿಮೆ ಇಲ್ಲವೆಂದಾದರೆ ದುಡ್ಡು ನಿನ್ನ ಬಳಿಯೇ ಇರಲಿ.